ಕರೆಂಟ್ ಕೊಡಿಸಿಕೊಳ್ಳಲು ಬರುವ ಮುಂಚೆ

ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಷನ್ ಕೊಡುವ ನಮ್ಮ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಬೆಳಿಗ್ಗೆ ಎಂಟಕ್ಕೆ ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಬೆಂಚಿನ ಮೇಲೆ ಏಳೆಂಟು ಜನ ಕೂತಿರುತ್ತಾರೆ. ಗೋಕಾಕದವರು, ಸವದತ್ತಿಯವರು, ಅಥಣಿಯವರು. ಮುಧೋಳ, ಜಮಖಂಡಿಯಿಂದ ಬಂದು ಬೆಳಗಾವಿಯಲ್ಲೇ ರೂಮು ಹಿಡಿದವರೂ ಇರುತ್ತಾರೆ. ಹೊಸಬರು ಯಾರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಫೈಲನ್ನು ಎದೆಗೆ ಅವಚಿಕೊಂಡು ಕೂತಿರುತ್ತಾರೆ. ಅವರ ಮೊದಲ ಮಾತು ಹೆಚ್ಚಾಗಿ ಒಂದೇ: "ಅಕ್ಕಾರ, ಕರೆಂಟ್ ಎಷ್ಟ ಹೊತ್ತ ಹಚ್ಚತೀರಿ?"

ನಾನು ಇಂಡಿ ತಾಲೂಕಿನವಳು. ಬೆಳಗಾವಿಯಲ್ಲಿ ರೇಡಿಯೇಷನ್ ಟೆಕ್ನಾಲಜಿಸ್ಟ್ ಆಗಿ 14 ವರ್ಷ ಆಯಿತು. ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಗೆರೆಗೆ ಗೆರೆ ಹೊಂದಿಸಿ, ಮಷೀನ್ ಚಾಲೂ ಮಾಡುವುದು ನನ್ನ ಕೆಲಸ. ಯಾರಿಗೆ ಎಷ್ಟು ಡೋಸ್, ಜೊತೆಗೆ ಕೀಮೋ ಬೇಕೋ ಬೇಡವೋ ಅನ್ನುವುದು ಡಾಕ್ಟರ ಮಾತು, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಈ ಚಿಕಿತ್ಸೆಯಲ್ಲಿ ರೋಗಿ ಮತ್ತು ಮನೆಯವರು ಮಾಡಬೇಕಾದ ಕೆಲಸ ಬಹಳ ಇದೆ. ಅದನ್ನು ಯಾರೂ ಕೂತು ಹೇಳುವುದಿಲ್ಲ. ಸಾಲು ಉದ್ದ ಇರುತ್ತದೆ, ಟೈಮ್ ಇರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹೆಸರಿನ ಹೆದರಿಕೆ ಹೋಗಬೇಕು. ರೇಡಿಯೇಷನ್‌ಗೆ ಜನ ಕರೆಂಟ್ ಅನ್ನುತ್ತಾರೆ, ಲೈಟ್ ಅನ್ನುತ್ತಾರೆ, ಶಾಖ ಅನ್ನುತ್ತಾರೆ. ನಿಮ್ಮ ಮೈಗೆ ಕರೆಂಟೂ ಹರಿಯುವುದಿಲ್ಲ, ಶಾಖವೂ ತಾಗುವುದಿಲ್ಲ. ಇದು ಎಕ್ಸ್‌ರೇ. ಕೈ ಮುರಿದಾಗ ಫೋಟೋ ತೆಗೆಯುತ್ತಾರಲ್ಲ, ಅದೇ ಜಾತಿ. ಆ ಫೋಟೋಗೆ 1 ಲಕ್ಷ ವೋಲ್ಟ್‌ಗಿಂತ ಕಡಿಮೆಯೇ ಸಾಕು. ರೇಡಿಯೇಷನ್ ಕೊಡುವ ನಮ್ಮ ಲಿನ್ಯಾಕ್ ಮಷೀನ್ ಸಾಮಾನ್ಯವಾಗಿ 60 ಲಕ್ಷ ವೋಲ್ಟ್ ಮಟ್ಟದ ಎಕ್ಸ್‌ರೇ ಬಿಡುತ್ತದೆ. ಆದರೂ ಬೀಳುವಾಗ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಬಿಸಿ ಇಲ್ಲ. ಒಳಗೆ ಅದು ಜೀವಕೋಶದ ಡಿಎನ್‌ಎ ಮುರಿಯುತ್ತದೆ. ಒಳ್ಳೆಯ ಕೋಶ ಅದನ್ನು ಬಹುಮಟ್ಟಿಗೆ ಮರುದಿನದೊಳಗೆ ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ರಿಪೇರಿ ಅಷ್ಟು ಚೆನ್ನಾಗಿ ಬರುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕೊಡುವುದು ಈ ವ್ಯತ್ಯಾಸದ ಲಾಭ ಪಡೆಯಲಿಕ್ಕೆ.

ಮತ್ತೆ, ಮಷೀನ್ ಬಂದ್ ಆದರೆ ಕಿರಣವೂ ಬಂದ್. ಮೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಗೆ ಹೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಿ, ಒಂದೇ ತಾಟಿನಲ್ಲಿ ಉಣ್ಣಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಏಳು ವಾರ ಮಗ್ಗಲು ಕೋಣೆಯಲ್ಲಿ ಒಬ್ಬಳೇ ಮಲಗಿದ ಒಬ್ಬ ಆಯಿಯನ್ನು ನಾನು ಕಂಡಿದ್ದೇನೆ. ಮಕ್ಕಳಿಗೆ ಬಡಿಯುತ್ತದೆ ಅಂತ ಯಾರೋ ಹೇಳಿದ್ದರಂತೆ.

ನಿಖರ ಅಂದರೆ ಏನು

ನಮ್ಮ ಚಿಗವ್ವನಿಗೆ 1990ರ ದಶಕದಲ್ಲಿ ಗಂಟಲಿನ ಕ್ಯಾನ್ಸರ್ ಆಗಿತ್ತು. ಕೋಬಾಲ್ಟ್ ಮಷೀನ್‌ನಲ್ಲಿ ರೇಡಿಯೇಷನ್ ಆಯಿತು. ಬದುಕಿದಳು, ಇನ್ನೂ ಇದ್ದಾಳೆ. ಆದರೆ ಬಾಯಿ ಒಣಗಿತು. ಆ ಕಾಲದಲ್ಲಿ ಕುತ್ತಿಗೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಗಲವಾಗಿ ಕಿರಣ ಬಿಡುತ್ತಿದ್ದರು. ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಗಳು ಎರಡೂ ಆ ದಾರಿಯಲ್ಲೇ ಬರುತ್ತಿದ್ದವು. ಯಾರ ತಪ್ಪೂ ಅಲ್ಲ, ಆ ಮಷೀನ್‌ನಲ್ಲಿ ಸಾಧ್ಯ ಇದ್ದದ್ದೇ ಅಷ್ಟು. ಇವತ್ತಿಗೂ ಚಿಗವ್ವ ಊಟಕ್ಕೆ ಕೂತರೆ ಪಕ್ಕದಲ್ಲಿ ತಂಬಿಗೆ ಇರಬೇಕು. ರೊಟ್ಟಿಯ ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು.

ಈಗಿನ ಮಷೀನ್ ಆ ಗ್ರಂಥಿಗಳನ್ನು ಬಹುಮಟ್ಟಿಗೆ ತಪ್ಪಿಸಿಕೊಂಡು ಹೋಗಬಲ್ಲದು. ಗ್ರಂಥಿಗೆ ಸರಾಸರಿ 26 ಗ್ರೇಗಿಂತ ಕಡಿಮೆ ಬಿದ್ದರೆ ಜೊಲ್ಲು ನಿಧಾನಕ್ಕೆ ವಾಪಸ್ ಬರುತ್ತದೆ ಅನ್ನುವುದು ಪ್ಲಾನ್ ಮಾಡುವವರ ಲೆಕ್ಕ. ಗ್ರೇ ಅಂದರೆ ರೇಡಿಯೇಷನ್‌ನ ಅಳತೆ. ಅಲ್ಲೇ ಪಕ್ಕದ ಗಡ್ಡೆಗೆ 70 ಗ್ರೇ ಬೇಕು. ಕೆಲವು ಸಲ ಗಡ್ಡೆಗೂ ಗ್ರಂಥಿಗೂ ನಡುವೆ ಬೆರಳಗಲ ಜಾಗ ಕೂಡ ಇರುವುದಿಲ್ಲ.

ಇದು ಹೇಗಾಗುತ್ತದೆ ಅಂತ ಕೇಳಿದವರಿಗೆ ನಾನು ಜೋಳದ ರಾಶಿಯ ಕಥೆ ಹೇಳುತ್ತೇನೆ. ಹೊಲದ ಹತ್ತು ಕಡೆಯಿಂದ ಹತ್ತು ಜನ ಒಂದೊಂದು ಬುಟ್ಟಿ ಹೊತ್ತು ಬಂದು ಕಣದಲ್ಲಿ ಸುರಿಯುತ್ತಾರೆ. ಒಂದೊಂದು ದಾರಿಯಲ್ಲಿ ಹೋದದ್ದು ಒಂದೇ ಬುಟ್ಟಿಯ ಭಾರ. ರಾಶಿ ಬಿದ್ದದ್ದು ಕಣದಲ್ಲಿ ಮಾತ್ರ. ಮಷೀನ್ ನಿಮ್ಮ ಸುತ್ತ ತಿರುಗುತ್ತ ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪ ಬಿಡುತ್ತದೆ. ಎಲ್ಲ ದಾರಿ ಸೇರುವ ಕಡೆ ಗಡ್ಡೆ ಇರುತ್ತದೆ.

ಇನ್ನೊಂದು ಇದೆ. ಹಳೇ ಪೇಟೆಯಲ್ಲಿ ಅಂಗಡಿ ಮುಚ್ಚುವಾಗ ಹಲಗೆ ಒಂದೊಂದಾಗಿ ಜೋಡಿಸುತ್ತಾರಲ್ಲ, ಹಾಗೆ ಮಷೀನ್‌ನ ಬಾಯಿಯಲ್ಲಿ ಟಂಗ್‌ಸ್ಟನ್ ಲೋಹದ ಸಣ್ಣ ಹಲಗೆಗಳಿವೆ. ನಾವು ಅವಕ್ಕೆ ಲೀಫ್ ಅನ್ನುತ್ತೇವೆ. ನಾನು ಕೆಲಸ ಮಾಡುವ ಮಷೀನ್‌ನಲ್ಲಿ 60 ಜೋಡಿ ಇವೆ. ಒಂದೊಂದೂ ತನ್ನಷ್ಟಕ್ಕೆ ಹಿಂದೆ ಮುಂದೆ ಸರಿಯುತ್ತದೆ. ಯಾವ ಕೋನದಿಂದ ಗಡ್ಡೆ ಯಾವ ಆಕಾರದಲ್ಲಿ ಕಾಣುತ್ತದೋ ಆ ಆಕಾರದ ಕಿಂಡಿ ಬಿಟ್ಟು ಉಳಿದದ್ದನ್ನು ಮುಚ್ಚುತ್ತವೆ. ನಿಮ್ಮ ಫೈಲಿನಲ್ಲಿ ಐಎಂಆರ್‌ಟಿ ಅಥವಾ ವಿಮ್ಯಾಟ್ ಅಂತ ಬರೆದಿದ್ದರೆ ಇದೇ ಕೆಲಸ. ಐಜಿಆರ್‌ಟಿ ಅಂತಿದ್ದರೆ, ಕಿರಣ ಬಿಡುವ ಮುಂಚೆ ಮೇಜಿನ ಮೇಲೇ ಸ್ಕ್ಯಾನ್ ತೆಗೆದು, ಮೊದಲ ದಿನದ ಸ್ಕ್ಯಾನ್ ಜೊತೆ ತಾಳೆ ನೋಡುತ್ತೇವೆ ಅಂತ ಅರ್ಥ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡಾಕ್ಟರ್ ಕಂಪ್ಯೂಟರ್‌ನಲ್ಲಿ ಗಡ್ಡೆಯ ಸುತ್ತ ಗೆರೆ ಎಳೆಯುತ್ತಾರೆ. ರೋಗ ಕಣ್ಣಿಗೆ ಕಾಣದೆ ಹರಡಿರಬಹುದಾದ ಜಾಗ ಸೇರಿಸಿ ಇನ್ನೊಂದು ಗೆರೆ. ಅದರ ಹೊರಗೆ ಮತ್ತೊಂದು. ಈ ಕೊನೆಯ ಗೆರೆ ರೋಗಕ್ಕಾಗಿ ಅಲ್ಲ. ನೀವು ದಿನಾ ಸ್ವಲ್ಪ ಆಚೆ ಈಚೆ ಮಲಗಬಹುದು ಅಂತ ಬಿಟ್ಟ ಜಾಗ. ತಲೆ ಕುತ್ತಿಗೆಯಲ್ಲಿ ಅದು 3ರಿಂದ 5 ಮಿಲಿಮೀಟರ್. ನೀವು ಒಂದೇ ತರಹ ಮಲಗಿದರೆ ಆ ಗೆರೆ ಚಿಕ್ಕದಿರಬಹುದು, ಒಳ್ಳೆಯ ಭಾಗ ಅಷ್ಟು ಜಾಸ್ತಿ ಉಳಿಯುತ್ತದೆ. ಮಷೀನ್ ಮಿಲಿಮೀಟರ್ ಲೆಕ್ಕದಲ್ಲಿ ತಪ್ಪದೆ ಬರುತ್ತದೆ. ಆ ಮಿಲಿಮೀಟರ್ ಕಾಯುವ ಅರ್ಧ ಕೆಲಸ ಮೇಜಿನ ಮೇಲೆ ಮಲಗಿದವರದು. ಮುಂದೆ ಹೇಳುವುದೆಲ್ಲ ಅದಕ್ಕೇ.

ಶುರು ಆಗುವ ಮುಂಚೆ

ಬಾಯಿ, ನಾಲಿಗೆ, ಗಂಟಲಿನ ರೋಗ ಇದ್ದರೆ ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಇದನ್ನು ಮುಂದಕ್ಕೆ ಹಾಕಬೇಡಿ. ಕೊಳೆತ ಹಲ್ಲು ಕೀಳಿಸಬೇಕಾದರೆ ಈಗಲೇ ಕೀಳಿಸಬೇಕು, ಗಾಯ ಮಾಯಲು ಎರಡು ವಾರ ಹತ್ತಿರ ಬೇಕು. ರೇಡಿಯೇಷನ್ ಬಿದ್ದ ದವಡೆಯ ಎಲುಬಿಗೆ ರಕ್ತ ಕಡಿಮೆ ಬರುತ್ತದೆ. ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬೇ ಸಾಯಬಹುದು. ಐದು ವರ್ಷ ಕಳೆದರೂ ಈ ಅಪಾಯ ಹೋಗುವುದಿಲ್ಲ. ಊರಲ್ಲಿ ಹಲ್ಲು ನೋವು ಬಂದು ಯಾವುದೇ ಕ್ಲಿನಿಕ್‌ಗೆ ಹೋದರೂ, ಬಾಯಿ ತೆರೆಯುವ ಮುಂಚೆ "ನನಗ ರೇಡಿಯೇಷನ್ ಆಗೈತಿ" ಅಂತ ಹೇಳಿ.

ತಂಬಾಕು ಬಿಡಿ. ನಿಪ್ಪಾಣಿ ಕಡೆ ಅದೇ ಬೆಳೆ, ಅದೇ ಜೀವನ. ಕೈ ಬಿಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೆ ಕಿರಣ ಕೆಲಸ ಮಾಡಲು ಗಡ್ಡೆಯೊಳಗೆ ಆಕ್ಸಿಜನ್ ಬೇಕು. ಬೀಡಿ ಸೇದಿದರೆ ರಕ್ತದಲ್ಲಿ ಆಕ್ಸಿಜನ್ ಹೊರುವ ಶಕ್ತಿ ಇಳಿಯುತ್ತದೆ, ಅದೇ ಡೋಸ್ ಕಡಿಮೆ ಕೆಲಸ ಮಾಡುತ್ತದೆ. ರಕ್ತ ಕಡಿಮೆ ಇರುವವರಿಗೂ ಇದೇ ತೊಂದರೆ. ಡಾಕ್ಟರ್ ಹಿಮೋಗ್ಲೋಬಿನ್ ನೋಡುವುದು ಸುಮ್ನೆ ಅಲ್ಲ. ಗುಟ್ಕಾ, ಸುಣ್ಣ ತಂಬಾಕು ಇಟ್ಟುಕೊಂಡರೆ ಬಾಯಿಯ ಹುಣ್ಣು ಎರಡು ಪಟ್ಟು ಉರಿಯುತ್ತದೆ.

ಕಾಗದಪತ್ರದ ಬಗ್ಗೆ ಒಂದೆರಡು ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ರೇಡಿಯೇಷನ್ ಸೇರುತ್ತದೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಜೊತೆ ತನ್ನಿ. ಬಯಾಪ್ಸಿ ರಿಪೋರ್ಟು, ಸ್ಕ್ಯಾನಿನ ಸಿಡಿ ಎರಡೂ ಬೇಕು. ಫಿಲಂ ಮಾತ್ರ ತಂದರೆ ನಮಗೆ ಸಾಲುವುದಿಲ್ಲ, ಸಿಡಿಯಲ್ಲಿರುವ ಚಿತ್ರ ನಮ್ಮ ಕಂಪ್ಯೂಟರ್‌ಗೆ ಹೋಗಬೇಕು. ರೈಲಿನಲ್ಲಿ ಬರುವವರು ಆಸ್ಪತ್ರೆಯಿಂದ ರಿಯಾಯಿತಿ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಅದು ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ಪುಕ್ಕಟೆ ಇದೆ. ಹಾಗಾಗಿ ಈಚೆಗೆ ಸೊಸೆಯಂದಿರು, ಮಗಳಂದಿರು ಜೊತೆಗೆ ಬರುವುದು ಜಾಸ್ತಿ ಆಗಿದೆ. ನನಗೆ ಅದು ಬಹಳ ಖುಷಿ.

ಮಾಸ್ಕ್ ಮಾಡುವ ದಿನ

ತಲೆ, ಮುಖ, ಕುತ್ತಿಗೆಯ ಚಿಕಿತ್ಸೆಗೆ ಬಲೆಯಂಥ ಮಾಸ್ಕ್ ಮಾಡುತ್ತೇವೆ. ತೂತು ತೂತಿರುವ ಬಿಳಿ ಪ್ಲಾಸ್ಟಿಕ್ ಹಾಳೆ. ಸುಮಾರು 70 ಡಿಗ್ರಿ ಬಿಸಿ ನೀರಿನಲ್ಲಿ ಅದ್ದಿದರೆ ಹದವಾಗಿ ನಾದಿದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ನೀರು ಒರೆಸಿ, ಮುಖದ ಮೇಲೆ ಎಳೆದು, ಮೇಜಿಗೆ ಕ್ಲಿಪ್ ಹಾಕುತ್ತೇವೆ. ಮುಖಕ್ಕೆ ಬಿಸಿ ಟವಲ್ ಹಾಕಿದಂತೆ ಅನ್ನಿಸುತ್ತದೆ, ಸುಡುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆರುವಾಗ ಸ್ವಲ್ಪ ಬಿಗಿಯುತ್ತದೆ.

"ಉಸರ ಕಟ್ಟತೈತ್ರಿ ಅಕ್ಕಾರ" ಅಂತ ಹೇಳದವರೇ ಕಡಿಮೆ. ಉಸಿರು ಕಟ್ಟುವುದಿಲ್ಲ, ತೂತುಗಳಿಂದ ಗಾಳಿ ಬರುತ್ತಲೇ ಇರುತ್ತದೆ. ಆದರೆ ಹೆದರಿಕೆ ನಿಜ. ಅದಕ್ಕೆ ನಾನು ಹೇಳಿಕೊಡುವುದು ಇಷ್ಟು. ಮನೆಯಲ್ಲಿ ಎರಡು ದಿನ ಮೊದಲು, ಅಂಗಾತ ಮಲಗಿ, ತೆಳು ಒದ್ದೆ ಬಟ್ಟೆಯನ್ನು ಮೂಗು ಬಾಯಿ ಬಿಟ್ಟು ಹಣೆ, ಕಣ್ಣು, ಕೆನ್ನೆಯ ಮೇಲೆ ಹಾಕಿಕೊಳ್ಳಿ. ಹತ್ತು ನಿಮಿಷ ಮೂಗಿನಿಂದಲೇ ಉಸಿರಾಡಿ. ಜೊತೆಗೊಬ್ಬರು ಕೂತಿರಲಿ. ಇಲ್ಲಿ ಮಲಗಿದಾಗ ಮನಸ್ಸಿನಲ್ಲಿ ಏನಾದರೂ ಎಣಿಸಿ. ಕಡೋಲಿ ಕಡೆಯ ಒಬ್ಬ ಅಜ್ಜಾರು ತಮ್ಮ ಹೊಲದ ಬದುವಿನ ಗಿಡಗಳನ್ನು ಒಂದೊಂದಾಗಿ ನೆನೆಯುತ್ತಿದ್ದರು. "ಇವತ್ತ ಬೇವಿನ ಗಿಡದ ತನಕ ಬಂದಿದ್ಯಾ, ಮುಗೀತ ನೋಡವ್ವಾ" ಅನ್ನುತ್ತಿದ್ದರು.

ಮಾಸ್ಕ್ ಮಾಡುವ ಮುಂಚೆ ಗಡ್ಡ ಬೋಳಿಸಿ, ಕೂದಲು ಕತ್ತರಿಸಿ ಬನ್ನಿ. ಆ ದಿನ ಹೇಗಿರುತ್ತೀರೋ ಕೊನೆಯ ದಿನದವರೆಗೂ ಹಾಗೇ ಇರಬೇಕು. ದಪ್ಪ ಗಡ್ಡದ ಮೇಲೆ ಮಾಸ್ಕ್ ಮಾಡಿಸಿ ಆಮೇಲೆ ಬೋಳಿಸಿದರೆ ಒಳಗೆ ಜಾಗ ಉಳಿಯುತ್ತದೆ, ತಲೆ ಅಲುಗುತ್ತದೆ. ಹೆಣ್ಣುಮಕ್ಕಳು ತುರುಬು ಕಟ್ಟಬೇಡಿ. ತಲೆಯ ಹಿಂದೆ ಗಂಟಿದ್ದರೆ ಕುತ್ತಿಗೆ ಮುಂದೆ ಬಾಗುತ್ತದೆ. ದಿನಾ ಕೂದಲು ಮೇಲಕ್ಕೆ ಬಿಟ್ಟು ಮಲಗಿ.

ಮೂಗುತಿ, ಬೆಂಡೋಲೆ, ಸರ ತೆಗೆಯಬೇಕು. ತಾಳಿಯೂ ತೆಗೆಯಬೇಕು. ಈ ಮಾತು ಹೇಳುವುದು ನನಗೆ ಯಾವತ್ತೂ ಸುಲಭ ಆಗಿಲ್ಲ. ರಾಯಬಾಗ ಕಡೆಯ ಒಬ್ಬ ತಂಗಿಗೆ ಎಡ ಮೊಲೆಯ ಕ್ಯಾನ್ಸರ್, ಆಪರೇಷನ್ ಆಗಿತ್ತು. ಕರಿಮಣಿ ತೆಗೆಯುವುದಿಲ್ಲ ಅಂತ ಅತ್ತಳು. ನಾನು ಸುಮ್ಮನೆ ನಿಂತೆ. ಆಗ ಹೊರಗಿದ್ದ ಅವಳ ಅತ್ತೆ ಒಳಗೆ ಬಂದರು. "ತಾ ಇಲ್ಲೆ, ನನ್ನ ಸೆರಗಿನ್ಯಾಗ ಕಟ್ಟಕೊಂಡ ಕೂಡತೇನಿ. ನೀ ಹೊರಗ ಬಂದ ಮ್ಯಾಲ ನಾನ ಹಾಕತೇನಿ" ಅಂದರು. 15 ಸಿಟಿಂಗ್, ಅಂದರೆ 15 ದಿನದ ಚಿಕಿತ್ಸೆ, ಮುಗಿಯುವವರೆಗೂ ದಿನಾ ಹಾಗೇ ನಡೆಯಿತು. ನಿಮ್ಮ ಮನೆಯಲ್ಲೂ ಮೊದಲೇ ಮಾತಾಡಿ ಇಟ್ಟುಕೊಳ್ಳಿ.

ಅದೇ ತಂಗಿಗೆ ಉಸಿರು ಹಿಡಿಯುವುದು ಕಲಿಸಿದೆವು. ಎಡ ಮೊಲೆಯ ಹಿಂದೆಯೇ ಹೃದಯ ಇದೆ. ದೀರ್ಘ ಉಸಿರು ಎಳೆದು ಹಿಡಿದರೆ ಎದೆಗೂಡು ಮೇಲೆ ಬರುತ್ತದೆ, ಹೃದಯ ಕೆಳಗೆ ಹಿಂದೆ ಸರಿಯುತ್ತದೆ. ಆ ಇಪ್ಪತ್ತು ಸೆಕೆಂಡಿನಲ್ಲಿ ನಾವು ಕಿರಣ ಬಿಡುತ್ತೇವೆ. ಮನೆಯಲ್ಲಿ ದಿನಕ್ಕೆ ಮೂರು ಸಲ, ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡಿ. ಹೊಟ್ಟೆ ಉಬ್ಬಿಸಬೇಡಿ, ಎದೆ ಏರಬೇಕು. ಬೆನ್ನು ಮೇಜಿನಿಂದ ಏಳಬಾರದು.

ಮಾಸ್ಕ್ ಆದ ಮೇಲೆ ಅದೇ ಭಂಗಿಯಲ್ಲಿ ಸಿಟಿ ಸ್ಕ್ಯಾನ್ ಆಗುತ್ತದೆ. ಇದು ರೋಗ ಹುಡುಕುವ ಸ್ಕ್ಯಾನ್ ಅಲ್ಲ, ಅಳತೆ ತೆಗೆಯುವ ಸ್ಕ್ಯಾನ್. ಮೈ ಮೇಲೆ ಗುರುತು ಹಾಕುತ್ತೇವೆ. ಆಮೇಲೆ ಕೆಲವು ದಿನ ನಿಮ್ಮನ್ನು ಕರೆಯುವುದಿಲ್ಲ. "ಸುಮ್ನೆ ಕೂಡಿಸ್ಯಾರ" ಅಂತ ಬೇಸರ ಮಾಡಿಕೊಳ್ಳಬೇಡಿ. ಆ ದಿನಗಳಲ್ಲಿ ಡಾಕ್ಟರ್ ಒಂದೊಂದು ಚಿತ್ರದ ಮೇಲೂ ಗೆರೆ ಎಳೆಯುತ್ತಿರುತ್ತಾರೆ. ಫಿಸಿಸಿಸ್ಟ್ ಪ್ಲಾನ್ ಮಾಡುತ್ತಿರುತ್ತಾರೆ. ಬೆನ್ನುಹುರಿಗೆ 45 ಗ್ರೇ ದಾಟಬಾರದು, ಕಣ್ಣಿಗೆ ಇಷ್ಟು, ಗ್ರಂಥಿಗೆ ಇಷ್ಟು ಅಂತ ಲೆಕ್ಕ. ನಿಮಗೆ ಕೊಡುವ ಮುಂಚೆ ಅದೇ ಪ್ಲಾನ್ ಅನ್ನು ಅಳತೆಯ ಉಪಕರಣದ ಮೇಲೆ ಒಮ್ಮೆ ಓಡಿಸಿ ನೋಡುತ್ತಾರೆ.

ಮೈ ಮೇಲಿನ ಗುರುತು ಅಳಿಸಿದರೆ ಮನೆಯಲ್ಲಿ ತಿದ್ದಬೇಡಿ. ಒಬ್ಬರ ಮೊಮ್ಮಗ ಪ್ರೀತಿಯಿಂದ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ತಿದ್ದಿ ಕಳಿಸಿದ್ದ. ಒಂದು ಬೆರಳು ಪಕ್ಕಕ್ಕೆ ಹೋಗಿತ್ತು. ಸ್ಕ್ಯಾನ್‌ನಲ್ಲಿ ಗೊತ್ತಾಯಿತು, ಹೊಸದಾಗಿ ಹಾಕಿದೆವು. ಅಳಿಸಿದ್ದರೆ ಬಂದು ಹೇಳಿ, ಅಷ್ಟು ಸಾಕು.

ನೀರಿನ ಲೆಕ್ಕ

ಗರ್ಭಕೋಶದ ಬಾಯಿ, ಪ್ರಾಸ್ಟೇಟ್, ಗುದದ ಭಾಗದ ಚಿಕಿತ್ಸೆಗೆ ಮಾಸ್ಕ್ ಸಾಲುವುದಿಲ್ಲ. ಅಲ್ಲಿ ಅಲುಗುವುದು ಒಳಗಿನ ಅಂಗ. ಮೂತ್ರಚೀಲ ತುಂಬಿದರೆ ಒಂದು ಕಡೆ, ಖಾಲಿ ಆದರೆ ಇನ್ನೊಂದು ಕಡೆ. ತುಂಬಿದ ಚೀಲ ಸಣ್ಣ ಕರುಳನ್ನು ಮೇಲೆ ತಳ್ಳಿ ಕಿರಣದ ದಾರಿಯಿಂದ ದೂರ ಇಡುತ್ತದೆ. ಅದಕ್ಕೇ ಹೆಚ್ಚಿನ ಕಡೆ ಹೇಳುವ ಕ್ರಮ ಹೀಗಿದೆ: ಮೊದಲು ಮೂತ್ರ ಮಾಡಿ ಖಾಲಿ ಮಾಡಿ, ಅರ್ಧ ಲೀಟರ್ ನೀರು ಕುಡಿಯಿರಿ, ಅರ್ಧ ಮುಕ್ಕಾಲು ಗಂಟೆ ತಡೆದು ಮೇಜಿಗೆ ಬನ್ನಿ. ನಿಮಗೆ ಹೇಳಿದ ಅಳತೆ ಬೇರೆ ಇದ್ದರೆ ಅದೇ ಮಾಡಿ. ದಿನಾ ಒಂದೇ ಅಳತೆ ಇರಬೇಕು, ಅದು ಮುಖ್ಯ. ಚರಿಗೆ ಲೆಕ್ಕ ಬೇಡ, ಅರ್ಧ ಲೀಟರ್ ಬಾಟಲಿ ಇಟ್ಟುಕೊಳ್ಳಿ.

ಇದು ಕೇಳಲು ಸುಲಭ. ಆದರೆ ಬೈಲಹೊಂಗಲ, ಸವದತ್ತಿಯಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಕುಡಿದಿರುತ್ತಾರೆ. ದಾರಿಯಲ್ಲಿ ಎಲ್ಲಿ ಇಳಿಯುವುದು ಅಂತ ಹೆದರಿಕೆ. ಅಂಥವರಿಗೆ ಇಲ್ಲಿ ಬಂದು ಅರ್ಧ ಲೀಟರ್ ಕುಡಿದರೂ ಚೀಲ ತುಂಬಲು ಬಹಳ ಹೊತ್ತು ಬೇಕು. ನನ್ನ ಸಲಹೆ ಇದು. ಮನೆಯಲ್ಲಿ ಎಂದಿನ ಹಾಗೆ ನೀರು ಕುಡಿದು ಬನ್ನಿ. ನಿಮ್ಮ ಸಮಯಕ್ಕಿಂತ ಒಂದೂವರೆ ಗಂಟೆ ಮೊದಲು ಆಸ್ಪತ್ರೆ ಸೇರಿ, ಇಲ್ಲಿನ ಶೌಚಾಲಯಕ್ಕೆ ಹೋಗಿ, ಇಲ್ಲೇ ಕುಡಿಯಲು ಶುರು ಮಾಡಿ. ಸ್ಕ್ಯಾನ್‌ನಲ್ಲಿ ಚೀಲ ಸಣ್ಣದು ಕಂಡರೆ ನಾವು ಇಳಿಸಿ ಇನ್ನೂ ಇಪ್ಪತ್ತು ನಿಮಿಷ ಕೂರಿಸುತ್ತೇವೆ. ಅದು ಶಿಕ್ಷೆ ಅಲ್ಲ. ತಡೆಯಲಾಗದೆ ಮೂತ್ರಕ್ಕೆ ಹೋಗಿ ಬಂದರೆ ನಾಚದೆ ಹೇಳಿ. ಹೇಳದೆ ಮಲಗಿದರೆ ನಿಮಗೇ ನಷ್ಟ.

ಬೆಳಿಗ್ಗೆ ಸಂಡಾಸಕ್ಕೆ ಹೋಗಿ ಹೊಟ್ಟೆ ಖಾಲಿ ಆಗಿರಬೇಕು. ಮಲಬದ್ಧತೆ ಇದ್ದರೆ ಮೊದಲ ವಾರದಲ್ಲೇ ಡಾಕ್ಟರಿಗೆ ಹೇಳಿ. ಗ್ಯಾಸ್ ತುಂಬುವ ಮಡಿಕೆ ಕಾಳು, ಕಡಲೆ, ಹಸಿ ಉಳ್ಳಾಗಡ್ಡಿ ಕೆಲವು ವಾರ ಕಡಿಮೆ ಮಾಡಿ. ಮೂರನೇ ವಾರದ ಹೊತ್ತಿಗೆ ಭೇದಿ ಶುರು ಆಗಬಹುದು. ಆಗ ಮಜ್ಜಿಗೆ ಅನ್ನ, ಬಾಳೆಹಣ್ಣು, ಉಪ್ಪು ಸಕ್ಕರೆ ನೀರು. ಸೊಪ್ಪು, ಖಾರ, ಹಾಲು ಸ್ವಲ್ಪ ದಿನ ದೂರ ಇಡಿ.

ಒಂದು ದಿನವೂ ಬಿಡಬೇಡಿ

ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಸಿಟಿಂಗ್. ಒಳಗೆ ಇರುವುದು ಹತ್ತು ಹದಿನೈದು ನಿಮಿಷ, ಕಿರಣ ಬಿಡುವುದು ಎರಡು ಮೂರು ನಿಮಿಷ. ನಾವು ಹೊರಗೆ ಹೋಗಿ ಬಾಗಿಲು ಹಾಕುತ್ತೇವೆ, ಆದರೆ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತೇವೆ. ಕೆಮ್ಮು ಬಂದರೆ, ವಾಂತಿ ಬಂದರೆ ಕೈ ಎತ್ತಿ. ಕೂಡಲೇ ನಿಲ್ಲಿಸುತ್ತೇವೆ, ನಿಂತಲ್ಲಿಂದ ಮತ್ತೆ ಶುರು ಮಾಡಬಹುದು. ನಮಗೆ ಸಹಾಯ ಆಗಲಿ ಅಂತ ನೀವೇ ಸರಿಯಬೇಡಿ. ಮೈ ಸಡಿಲ ಬಿಡಿ, ಸರಿಸುವ ಕೆಲಸ ನಮ್ಮದು.

ತಲೆ ಕುತ್ತಿಗೆಗೆ ಹೆಚ್ಚಾಗಿ 33ರಿಂದ 35 ಸಿಟಿಂಗ್. ಗರ್ಭಕೋಶದ ಬಾಯಿಗೆ ಹೊರಗಿನಿಂದ 25ರ ಸುಮಾರು, ಆಮೇಲೆ ಒಳಗಿನಿಂದ ಕೊಡುವ ಬ್ರೇಕಿಥೆರಪಿ, ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು. ಈ ಎರಡು ರೋಗಗಳಲ್ಲಿ ಚಿಕಿತ್ಸೆ ಒಂದು ದಿನ ಜಾಸ್ತಿ ಎಳೆದರೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ನಾಲ್ಕು ವಾರ ಕಳೆದ ಮೇಲೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಬೇಗ ಬೇಗ ಬೆಳೆಯಲು ನೋಡುತ್ತವೆ. ಬಾಯಿ ಹುಣ್ಣಾಗಿ, ಮನಸ್ಸು ಸೋತು, ರೋಗಿ "ಇನ್ನ ಸಾಕ" ಅನ್ನುವುದು ಕೂಡ ಆಗಲೇ.

"ಕಬ್ಬಿನ ಗ್ಯಾಂಗ್ ಬಂದೈತ್ರಿ, ಎರಡ ದಿನ ಹೋಗಿ ಬರತೇನಿ" ಅಂತ ಹೋದವರಿದ್ದಾರೆ. ಎರಡು ದಿನ ಹನ್ನೊಂದು ದಿನ ಆದದ್ದೂ ಇದೆ. ಕಬ್ಬು ಒಣಗುವ ಚಿಂತೆ ಸಣ್ಣದಲ್ಲ, ನಾನೂ ಹೊಲದ ಮನೆಯಿಂದ ಬಂದವಳು. ಅದಕ್ಕೇ ಶುರು ಆಗುವ ಮುಂಚೆ ಕೇಳುತ್ತೇನೆ: ಮುಂದಿನ ಏಳು ವಾರದಲ್ಲಿ ಕಟಾವು ಇದೆಯಾ, ಮದುವೆ ಇದೆಯಾ, ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕಾ? ಹೊಲಕ್ಕೆ ಯಾರು, ಎಮ್ಮೆಗೆ ಯಾರು ಅಂತ ಮೊದಲೇ ಗೊತ್ತು ಮಾಡಿ ಬನ್ನಿ. ಅಕಸ್ಮಾತ್ ಒಂದು ದಿನ ತಪ್ಪಿದರೆ ಫೋನ್ ಮಾಡಿ. ಶನಿವಾರ ಕೊಡಬಹುದು, ಅಥವಾ ಒಂದೇ ದಿನ ಕನಿಷ್ಠ 6 ಗಂಟೆ ಬಿಟ್ಟು ಎರಡು ಸಿಟಿಂಗ್ ಕೊಡಬಹುದು. ಅದನ್ನು ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಕೆಲವು ಸಲ ನಮ್ಮ ಮಷೀನೇ ಕೆಡುತ್ತದೆ. ಆಗಲೂ ಕೇಳಿ, "ತಪ್ಪಿದ ದಿನ ಹ್ಯಾಂಗ ತುಂಬತೀರಿ?" ಅಂತ. ಕೇಳುವ ಹಕ್ಕು ನಿಮಗಿದೆ.

ಉಣ್ಣುವುದು, ಚರ್ಮ

ತೂಕ ಇಳಿದರೆ ಗುರಿ ತಪ್ಪುತ್ತದೆ. ಮುಖ ಸೊರಗಿದರೆ ಮಾಸ್ಕ್ ಸಡಿಲ. ತಲೆ ಒಳಗೆ ತಿರುಗುತ್ತದೆ. ಆಗ ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್ ಬೇಕಾಗಬಹುದು. ವಾರಕ್ಕೊಮ್ಮೆ ತೂಕ ನೋಡುವುದು ಅದಕ್ಕೆ.

ಬಾಯಿ ಹುಣ್ಣಾದವರಿಗೆ ಖಾರದ ರಂಜಕ, ಶೇಂಗಾ ಹಿಂಡಿ, ಕಡಕ್ ರೊಟ್ಟಿ ಆಗುವುದಿಲ್ಲ. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಮಜ್ಜಿಗೆ ಹಾಕಿ ಕೊಡಿ. ರವೆ ಗಂಜಿಗೆ ತುಪ್ಪ, ಹಾಲಿಗೆ ಶೇಂಗಾ ಪುಡಿ ನುಣ್ಣಗೆ ರುಬ್ಬಿ ಸೇರಿಸಿ. ಮೊಟ್ಟೆ ತಿನ್ನುವವರು ಮೆತ್ತಗೆ ಬೇಯಿಸಿ ತಿನ್ನಿ. ಬಿಸಿ ಬಿಸಿ ಬೇಡ, ಉಗುರು ಬೆಚ್ಚಗಿರಲಿ. ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಿಂದ ದಿನಕ್ಕೆ ಆರೇಳು ಸಲ ಬಾಯಿ ಮುಕ್ಕಳಿಸಿ. ನುಂಗಲೇ ಆಗದಿದ್ದರೆ ಮೂಗಿನ ನಳಿಕೆ ಹಾಕುತ್ತೇವೆ ಅನ್ನುತ್ತಾರೆ. ಬೇಡ ಅನ್ನಬೇಡಿ. ನಳಿಕೆ ಬಂದರೆ ಕೊನೆಗಾಲ ಅಂತ ಊರಲ್ಲಿ ನಂಬಿದ್ದಾರೆ, ಅದು ಸುಳ್ಳು. ನಳಿಕೆ ಹಾಕಿಸಿಕೊಂಡು 35 ಮುಗಿಸಿ, ಮೂರು ತಿಂಗಳ ಮೇಲೆ ಕರದಂಟು ತಿನ್ನುತ್ತ ಬಂದು ನನ್ನ ಕೈಗೂ ಒಂದು ಕೊಟ್ಟವರಿದ್ದಾರೆ.

ಕಿರಣ ಬೀಳುವ ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕಪ್ಪಾಗುತ್ತದೆ. ಅಲ್ಲಿಗೆ ಸಾಬೂನು ತಿಕ್ಕಬೇಡಿ, ಬ್ಲೇಡ್ ತಾಗಿಸಬೇಡಿ (ಗಡ್ಡ ಬೆಳೆದರೆ ಏನು ಮಾಡಬೇಕು ಅಂತ ನಮ್ಮನ್ನೇ ಕೇಳಿ), ಶಾಖ ಕೊಡಬೇಡಿ. ಅರಿಶಿಣ, ಭಂಡಾರ, ವಿಭೂತಿ ಹಚ್ಚಬೇಡಿ. ದೇವರ ಭಂಡಾರ ಹಣೆಗೆ ಇರಲಿ, ಹಣೆಗೆ ಚಿಕಿತ್ಸೆ ಇಲ್ಲದಿದ್ದರೆ. ಹಳೆಯ ಮೆತ್ತನೆ ಕಾಟನ್ ಸೀರೆ, ಧೋತರದ ತುಂಡು ಎಲ್ಲಕ್ಕಿಂತ ಒಳ್ಳೆಯದು. ಡಾಕ್ಟರ್ ಬರೆದ ಕ್ರೀಮ್ ಬಿಟ್ಟು ಬೇರೆ ಹಚ್ಚುವ ಮುಂಚೆ ಒಂದು ಮಾತು ಕೇಳಿ. ಚರ್ಮ ಒಡೆದು ನೀರು ಬಂದರೆ, 100.4 ಡಿಗ್ರಿ ದಾಟಿ ಜ್ವರ ಬಂದರೆ, ನೀರೂ ಇಳಿಯದಿದ್ದರೆ, ಉಸಿರಾಟ ಕಷ್ಟ ಆದರೆ ಮರುದಿನದ ಸಿಟಿಂಗ್‌ಗೆ ಕಾಯಬೇಡಿ. ಅದೇ ರಾತ್ರಿ ಬನ್ನಿ.

ಐದೇ ಸಿಟಿಂಗ್ ಆದವರು

"ಅವರಿಗೆ ಐದ ದಿನದಾಗ ಮುಗೀತು, ನಮಗ ಯಾಕ ಮೂವತ್ತೈದು?" ಅಂತ ಬೆಂಚಿನ ಮೇಲೆ ಲೆಕ್ಕ ನಡೆಯುತ್ತದೆ. ಐದಕ್ಕೆ ಮುಗಿಯುವುದು ಹೆಚ್ಚಾಗಿ ಎಸ್‌ಬಿಆರ್‌ಟಿ, ಅಂದರೆ ಸಣ್ಣ ಜಾಗಕ್ಕೆ ಒಂದೊಂದು ಸಲವೂ ದೊಡ್ಡ ಡೋಸ್ ಕೊಡುವುದು. ಗಡ್ಡೆ ಸಣ್ಣದಿದ್ದು, ಅಂಚು ಸ್ಪಷ್ಟ ಇದ್ದು, ಪಕ್ಕದ ಸೂಕ್ಷ್ಮ ಅಂಗಕ್ಕೆ ಪೆಟ್ಟಾಗುವುದಿಲ್ಲ ಅಂತಿದ್ದರೆ ಮಾತ್ರ. ಶ್ವಾಸಕೋಶದ ಸಣ್ಣ ಗಡ್ಡೆಗೆ 4 ಸಿಟಿಂಗ್‌ನಲ್ಲಿ 48 ಗ್ರೇ ಕೊಡುತ್ತಾರೆ. ಅಂದರೆ ಒಂದು ದಿನಕ್ಕೆ 12. ಮಾಮೂಲಿ ದಿನಕ್ಕೆ 2. ಮೆದುಳಿನ ಸಣ್ಣ ಗಡ್ಡೆಗೆ ಒಂದೇ ದಿನದಲ್ಲಿ ಮುಗಿಸುವುದೂ ಉಂಟು, ಅದಕ್ಕೆ ರೇಡಿಯೋಸರ್ಜರಿ ಅನ್ನುತ್ತಾರೆ. ಕತ್ತಿ ಇಲ್ಲ, ಹೊಲಿಗೆ ಇಲ್ಲ. ಸ್ವೀಡನ್ನಿನ ಡಾಕ್ಟರ್ ಲಾರ್ಸ್ ಲೆಕ್ಸೆಲ್ 1951ರಲ್ಲಿ ಈ ಹೆಸರು ಕೊಟ್ಟರು. 1968ರಲ್ಲಿ ಅವರ ಗಾಮಾ ನೈಫ್ ಅನ್ನುವ ಮಷೀನ್ ಕೆಲಸ ಶುರು ಮಾಡಿತು. ಅವರು ತಲೆಬುರುಡೆಗೆ ಲೋಹದ ಚೌಕಟ್ಟನ್ನೇ ಬಿಗಿದು ಅಲುಗದಂತೆ ಮಾಡುತ್ತಿದ್ದರು. ಈಗ ಅನೇಕ ಕಡೆ ಮಾಸ್ಕ್ ಸಾಕಾಗುತ್ತದೆ.

ಇವರಿಗೆ ಅಲುಗದಿರುವುದು ಇನ್ನೂ ಮುಖ್ಯ. 35ರಲ್ಲಿ ಒಂದು ದಿನ ಎರಡು ಮಿಲಿಮೀಟರ್ ಆಚೆ ಹೋದರೆ ಉಳಿದ 34 ದಿನ ಇವೆ. 4ರಲ್ಲಿ ಒಂದು ದಿನ ಹೋದರೆ ಕಾಲು ಭಾಗ ಹೋಯಿತು. ಅದಕ್ಕೇ ಮೇಜಿನ ಮೇಲೆ ಅರ್ಧ ಮುಕ್ಕಾಲು ತಾಸು ಇರಬೇಕಾಗಬಹುದು. ಬೆನ್ನು ನೋವಿದ್ದರೆ ಮಾತ್ರೆ ಮೊದಲೇ ಕೇಳಿ ನುಂಗಿ. ಶ್ವಾಸಕೋಶಕ್ಕಾದರೆ ಉಸಿರಿನ ಜೊತೆ ಗಡ್ಡೆ ಎಷ್ಟು ಏರಿಳಿಯುತ್ತದೆ ಅಂತ ಮೊದಲೇ ಸ್ಕ್ಯಾನ್‌ನಲ್ಲಿ ಅಳೆಯುತ್ತಾರೆ. ಆ ದಿನ ಹೇಗೆ ಉಸಿರಾಡಿದಿರೋ ಹಾಗೇ, ಸಮಾಧಾನದಲ್ಲಿ ಉಸಿರಾಡಿ.

ಚೆನ್ನೈನಲ್ಲಿ 2019ರಿಂದ ಎಕ್ಸ್‌ರೇ ಬದಲು ಪ್ರೋಟಾನ್ ಕಣ ಬಿಡುವ ಮಷೀನ್ ಇದೆ, ಅಲ್ಲಿಗೆ ಹೋಗಬೇಕಾ ಅಂತ ಬೆಂಗಳೂರಿನಲ್ಲಿರುವ ಮಕ್ಕಳು ಫೋನ್‌ನಲ್ಲಿ ಕೇಳುತ್ತಾರೆ. ಮಕ್ಕಳ ಕೆಲವು ಗಡ್ಡೆಗೆ, ಬೆನ್ನುಹುರಿ ಪಕ್ಕದ ಕೆಲವು ಗಡ್ಡೆಗೆ ಅದರಿಂದ ಲಾಭ ಇದೆ. ಎಲ್ಲರಿಗೂ ಇಲ್ಲ. ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ. ಹೊಲ ಮಾರುವ ಮುಂಚೆ ಕೇಳಿ.

ಮುಗಿದ ಮೇಲೆ

ಕೊನೆಯ ಸಿಟಿಂಗ್ ಆದ ಮೇಲೂ ಒಂದೆರಡು ವಾರ ಹುಣ್ಣು, ಉರಿ ಜಾಸ್ತಿಯೇ ಆಗುತ್ತದೆ. ಹೆದರಬೇಡಿ, ಆಮೇಲೆ ಇಳಿಯುತ್ತದೆ. ಗಂಟಲಿನವರಿಗೆ ರೋಗ ಉಳಿದಿದೆಯಾ ಅಂತ ನೋಡುವ ಪೆಟ್ ಸ್ಕ್ಯಾನ್ ಸುಮಾರು 12 ವಾರ ಬಿಟ್ಟು ಮಾಡುತ್ತಾರೆ. ಅದಕ್ಕೂ ಮುಂಚೆ ಮಾಡಿದರೆ ಮಾಯುತ್ತಿರುವ ಗಾಯವೇ ರೋಗದ ಹಾಗೆ ಕಾಣಬಹುದು. ಬಾಯಿ ತೆರೆಯುವ ವ್ಯಾಯಾಮ ಹೇಳಿಕೊಟ್ಟಿದ್ದರೆ ದಿನಾ ಮಾಡಿ. ಬಿಟ್ಟರೆ ದವಡೆ ಬಿಗಿಯುತ್ತದೆ.

ಮಾಸ್ಕ್ ಬೇಕಾದರೆ ಮನೆಗೆ ಒಯ್ಯಬಹುದು. ಕೆಲವರು ಒಯ್ಯುತ್ತಾರೆ, ಕೆಲವರು ತಿರುಗಿಯೂ ನೋಡುವುದಿಲ್ಲ. ಎರಡೂ ಸರಿ. ಆದರೆ ಕೊನೆಯ ದಿನ ಕೊಡುವ ಸಮ್ಮರಿ ಕಾಗದ ಮಾತ್ರ ಬಿಡಬೇಡಿ. ಯಾವ ಭಾಗಕ್ಕೆ, ಎಷ್ಟು ಗ್ರೇ, ಎಷ್ಟು ಸಿಟಿಂಗ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಅದರಲ್ಲಿರುತ್ತದೆ. ಹತ್ತು ವರ್ಷದ ಮೇಲೆ ಮತ್ತೆ ಎಲ್ಲಾದರೂ ರೇಡಿಯೇಷನ್ ಬೇಕಾದರೆ ಅಲ್ಲಿನವರು ಮೊದಲು ಕೇಳುವುದು ಅದನ್ನೇ. ಎರಡು ಝೆರಾಕ್ಸ್ ಮಾಡಿಸಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಮಗಳಿಗೂ ಮಗನಿಗೂ ಕಳಿಸಿ. ಮೂಲ ಕಾಗದವನ್ನು ಹೊಲದ ಉತಾರ ಇಡುವ ಟ್ರಂಕಿನಲ್ಲಿ ಇಡಿ.